ಫೋನ್ ಮಾಡಿ ಕೇಳೋಕೆ ಒಬ್ಬರು ಬೇಕು

ಗ್ರಾಮ ಪಂಚಾಯತಿಗೆ ಹೊಸದಾಗಿ ಬಂದ ಪಿಡಿಒ, ಅಂದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಮೊದಲ ವರ್ಷದಲ್ಲಿ ತಾಲ್ಲೂಕು ಪಂಚಾಯತಿಗೆ ಒಂದಾದರೂ 'ಸ್ಪಷ್ಟೀಕರಣ ಕೋರಿ' ಅನ್ನುವ ಪತ್ರ ಬರೆಯುತ್ತಾರೆ. ಕೆಲವು ವಾರ ಕಾಯುತ್ತಾರೆ. ಉತ್ತರ ಬಂದರೆ ಅದರಲ್ಲಿ ಇರುವುದು ಒಂದೇ ಸಾಲು: 'ನಿಯಮಾನುಸಾರ ಕ್ರಮ ವಹಿಸುವುದು.' ಯಾವ ನಿಯಮ ಅಂತ ಗೊತ್ತಾಗದೆ ತಾನೇ ಪತ್ರ ಬರೆದದ್ದು? ಎರಡು ಸಲ ಹೀಗಾದ ಮೇಲೆ ಅವರು ಬರೆಯುವುದನ್ನೇ ಬಿಡುತ್ತಾರೆ. ಆಮೇಲೆ ಫೈಲು ಮೇಜಿನ ಮೇಲೆ ಹಾಗೇ ಕೂರುತ್ತದೆ, ಇಲ್ಲವೇ ಯಾರೋ ಹೇಳಿದರು ಅಂತ ಸಹಿ ಬೀಳುತ್ತದೆ.

ನಾನು ಗ್ರಾಮೀಣಾಭಿವೃದ್ಧಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗ ಆಗಾಗ ತರಬೇತಿಗಳಿಗೆ ಸಂಪನ್ಮೂಲ ವ್ಯಕ್ತಿಯಾಗಿ ಹೋಗುತ್ತೇನೆ. ಸರ್ಕಾರಿ ಕೆಲಸದಲ್ಲಿ ಇರುವವರಿಗೆ ತರಬೇತಿ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನುವ ಮಾತು ಎಲ್ಲ ಕಡೆ ಕೇಳುತ್ತೇನೆ. ತರಬೇತಿ ಬೇಡ ಅಂತ ನಾನು ಹೇಳಲ್ಲ, ಅದರಿಂದಲೇ ನನಗೆ ಈಗಲೂ ಒಂದಿಷ್ಟು ಗೌರವಧನ ಬರುತ್ತಿದೆ! ಆದರೆ ತರಬೇತಿ ಮುಗಿಸಿ ಬಸ್ ಹತ್ತಿ ಊರಿಗೆ ಹೋದ ಮೇಲೆ ಆ ಅಧಿಕಾರಿ ಯಾರನ್ನು ಕೇಳಬೇಕು? ಈ ಪ್ರಶ್ನೆಗೆ ನಮ್ಮ ವ್ಯವಸ್ಥೆಯಲ್ಲಿ ಉತ್ತರ ಇಲ್ಲ. ಈ ಬರಹ ಅದರ ಬಗ್ಗೆ.

ಪಟ್ಟಣದಲ್ಲಿ ಇರುವವರಿಗೆ ಪಿಡಿಒ ಏನು ಮಾಡುತ್ತಾರೆ ಅಂತ ಅಷ್ಟಾಗಿ ಗೊತ್ತಿರಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿಗಳು ಸುಮಾರು 6 ಸಾವಿರ. ಒಂದೊಂದಕ್ಕೂ ಒಬ್ಬ ಪಿಡಿಒ ಇರಬೇಕು ಅನ್ನುವುದು ಲೆಕ್ಕ. ಎಷ್ಟೋ ಕಡೆ ಒಬ್ಬರೇ ಎರಡು ಪಂಚಾಯತಿ ನೋಡಿಕೊಳ್ಳುತ್ತಾರೆ, ಎರಡನೆಯದಕ್ಕೆ 'ಪ್ರಭಾರ'. ಕುಡಿಯುವ ನೀರು, ಬೀದಿ ದೀಪ, ಕಸ, ಕಂದಾಯ ವಸೂಲಿ, ಇ-ಸ್ವತ್ತು ಅನ್ನುವ ಆಸ್ತಿ ದಾಖಲೆ, ಉದ್ಯೋಗ ಖಾತ್ರಿ, ವಸತಿ ಫಲಾನುಭವಿಗಳ ಆಯ್ಕೆ, ಗ್ರಾಮ ಸಭೆ, ಜಮಾಬಂದಿ ಅನ್ನುವ ವಾರ್ಷಿಕ ಲೆಕ್ಕ ತಪಾಸಣೆ, ಲೈಬ್ರರಿ, ಕೂಸಿನ ಮನೆ ಅನ್ನುವ ಶಿಶುಪಾಲನಾ ಕೇಂದ್ರ ಎಲ್ಲ ಅವರ ತಲೆ ಮೇಲೆ. ಕೈಕೆಳಗೆ ಕಾರ್ಯದರ್ಶಿ, ಬಿಲ್ ಕಲೆಕ್ಟರ್, ಡೇಟಾ ಎಂಟ್ರಿ ಆಪರೇಟರ್, ವಾಟರ್‌ಮನ್‌ಗಳು, ಸ್ವಚ್ಛತಾ ಸಿಬ್ಬಂದಿ. ಇವರಲ್ಲಿ ಅರ್ಧ ಜನ ಅದೇ ಊರಿನವರು. ಈ ಪಿಡಿಒ ಹುಟ್ಟುವ ಮೊದಲೇ ಕೆಲಸಕ್ಕೆ ಸೇರಿದವರೂ ಇರುತ್ತಾರೆ.

ಮೇಲೆ ನೋಡಿದರೆ ಇನ್ನೊಂದು ಕಥೆ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ ಅನ್ನುವ ಲೆಕ್ಕದಲ್ಲಿ ಹದಿನೈದು, ಇಪ್ಪತ್ತು ಸದಸ್ಯರು. ಅಧ್ಯಕ್ಷರ ಅವಧಿ 30 ತಿಂಗಳು, ಅಂದರೆ ಐದು ವರ್ಷಕ್ಕೆ ಇಬ್ಬರು. ಅಧ್ಯಕ್ಷರು ಜನ ಆರಿಸಿ ಕಳಿಸಿದವರು, ಅವರ ಮಾತಿಗೆ ಬೆಲೆ ಕೊಡಬೇಕು. ಹಣ ಬಿಡುಗಡೆ ಆಗಬೇಕಾದರೆ ಅಧ್ಯಕ್ಷರು, ಪಿಡಿಒ ಇಬ್ಬರ ಡಿಜಿಟಲ್ ಸಹಿಯೂ ಬೇಕು. ಆದರೆ ಅವರು ಪಿಡಿಒ ಮೇಲಧಿಕಾರಿ ಅಲ್ಲ. ಮೇಲಧಿಕಾರಿ ಇರುವುದು ತಾಲ್ಲೂಕಿನಲ್ಲಿ, ಇಒ, ಅಂದರೆ ಕಾರ್ಯನಿರ್ವಾಹಕ ಅಧಿಕಾರಿ. ಅವರ ಮೇಲೆ ಜಿಲ್ಲೆಯಲ್ಲಿ ಸಿಇಒ, ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ. ಹೀಗೆ ನಾಲ್ಕೂ ಕಡೆಯಿಂದ ಎಳೆದಾಟ ಇರುವ ಕುರ್ಚಿಯಲ್ಲಿ ಇಪ್ಪತ್ತಾರು ವರ್ಷದ, ನಿನ್ನೆ ಮೊನ್ನೆವರೆಗೆ ಲೈಬ್ರರಿಯಲ್ಲಿ ಕೂತು ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳು ಬಂದು ಕೂರುತ್ತಾಳೆ. ದೊಡ್ಡ ಕಂಪನಿಯಲ್ಲಿ ಅದೇ ವಯಸ್ಸಿನವರಿಗೆ ಒಂದು ಟೀಮ್ ಕೊಡಬೇಕಾದರೂ ಹತ್ತು ಸಲ ಯೋಚಿಸುತ್ತಾರೆ.

ಸರ್ಕಾರ ಏನೂ ಮಾಡಿಲ್ಲ ಅಂದರೆ ತಪ್ಪಾಗುತ್ತದೆ. ಮೈಸೂರಿನ ಲಲಿತಮಹಲ್ ರಸ್ತೆಯಲ್ಲಿ ಎರಡು ಸಂಸ್ಥೆಗಳಿವೆ. ಒಂದು ಆಡಳಿತ ತರಬೇತಿ ಸಂಸ್ಥೆ, ನಾವೆಲ್ಲ ಎಟಿಐ ಅನ್ನುವುದು. ಇನ್ನೊಂದು ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆ. ಆ ಹೆಸರೇ ದೊಡ್ಡದು. 1980ರ ದಶಕದಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಮಂತ್ರಿಯಾಗಿ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅಂತಲೇ ಹೆಸರಾದವರು ಅವರು. ಅಧಿಕಾರವನ್ನು ಜಿಲ್ಲಾ ಪರಿಷತ್ತಿಗೆ, ಮಂಡಲ ಪಂಚಾಯತಿಗೆ ಇಳಿಸಿದ 1983ರ ಕಾಯ್ದೆಯ ಹಿಂದೆ ಇದ್ದವರೂ ಅವರೇ. ಅವರ ಹೆಸರಿನ ಸಂಸ್ಥೆ ಸ್ಯಾಟ್‌ಕಾಂ ಮೂಲಕ, ಅಂದರೆ ಉಪಗ್ರಹದಿಂದ ತಾಲ್ಲೂಕು ಕೇಂದ್ರದ ಟಿವಿಗೆ ಪಾಠ ಕಳಿಸಿ, ಪಂಚಾಯತಿ ಸದಸ್ಯರಿಗೆ ತರಬೇತಿ ಕೊಟ್ಟಿದೆ. ವಾಟ್ಸ್ಯಾಪ್ ಇಲ್ಲದ ಕಾಲ. ಆಗ ಮೊದಲ ಸಲ ಗೆದ್ದು ಬಂದ ಹೆಣ್ಣುಮಕ್ಕಳು ಸೆರಗು ಸರಿಮಾಡಿಕೊಂಡು ಟಿವಿ ಮುಂದೆ ಕೂತು, ಮೈಸೂರಿಗೆ ಫೋನ್ ಹಚ್ಚಿ ಪ್ರಶ್ನೆ ಕೇಳುತ್ತಿದ್ದರು. ಅದು ಸಣ್ಣ ಕೆಲಸ ಅಲ್ಲ.

ದೆಹಲಿ ಮಟ್ಟದಲ್ಲೂ ಮಾತಿಗೆ ಕೊರತೆ ಇಲ್ಲ. ನಮ್ಮವರೇ ಆದ ವೀರಪ್ಪ ಮೊಯ್ಲಿ ಅಧ್ಯಕ್ಷರಾಗಿದ್ದ ಎರಡನೇ ಆಡಳಿತ ಸುಧಾರಣಾ ಆಯೋಗ 2008ರಲ್ಲೇ ಹೇಳಿತ್ತು: ಪ್ರತಿ ಸರ್ಕಾರಿ ನೌಕರನಿಗೆ ಕೆಲಸಕ್ಕೆ ಸೇರುವಾಗಲೂ ನಡುನಡುವೆಯೂ ತರಬೇತಿ ಕಡ್ಡಾಯ ಆಗಬೇಕು, ಬಡ್ತಿಗೂ ಅದೇ ಷರತ್ತಾಗಬೇಕು ಅಂತ. 2012ರ ರಾಷ್ಟ್ರೀಯ ತರಬೇತಿ ನೀತಿ ಪ್ರತಿ ಇಲಾಖೆಯೂ ಸಂಬಳದ ಬಜೆಟ್ಟಿನಲ್ಲಿ ಕನಿಷ್ಠ ಶೇ 2.5ರಷ್ಟನ್ನು ತರಬೇತಿಗೆ ಅಂತಲೇ ತೆಗೆದಿಡಬೇಕು ಅಂದಿತು. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ 'ಮಿಷನ್ ಕರ್ಮಯೋಗಿ'ಗೆ ಒಪ್ಪಿಗೆ ಕೊಟ್ಟಿತು. ಕೇಂದ್ರದ ಸುಮಾರು 46 ಲಕ್ಷ ನೌಕರರಿಗೆ, ಐದು ವರ್ಷಕ್ಕೆ ₹510.86 ಕೋಟಿ. ಅದರ ಐಗಾಟ್ ಅನ್ನುವ ಆನ್‌ಲೈನ್ ತರಬೇತಿ ಪೋರ್ಟಲ್‌ನಲ್ಲಿ ಈಗ ಸಾವಿರಾರು ಕೋರ್ಸ್‌ಗಳಿವೆ. ಕೆಲವು ನಿಜಕ್ಕೂ ಚೆನ್ನಾಗಿವೆ. ಆದರೆ ಟಾರ್ಗೆಟ್ ಬಂದ ತಿಂಗಳು ನಮ್ಮ ಕಚೇರಿಗಳಲ್ಲಿ ವಿಡಿಯೊ ಒಂದು ಕಡೆ ಓಡುತ್ತಿರುತ್ತದೆ, ಪಕ್ಕದಲ್ಲಿ ಬಿಲ್ ಎಂಟ್ರಿ ನಡೆಯುತ್ತಿರುತ್ತದೆ. ಸರ್ಟಿಫಿಕೇಟ್ ಡೌನ್‌ಲೋಡ್ ಆದ ಕೂಡಲೇ ಗ್ರೂಪ್‌ನಲ್ಲಿ ಫೋಟೊ.

ಐಎಎಸ್‌ನವರ ವಿಷಯ ಬೇರೆ. ಮಸ್ಸೂರಿಯಲ್ಲಿ ಆರಂಭದ ತರಬೇತಿ ಮುಗಿದ ಮೇಲೂ ಅವರಿಗೆ ಸೇವೆಯ ನಡುವೆ ಮತ್ತೆ ಮತ್ತೆ ಕರೆ ಬರುತ್ತದೆ. ಏಳೆಂಟು ವರ್ಷ ಆದಾಗ ಒಂದು ಹಂತ, ಹದಿನೈದರ ಆಸುಪಾಸಿನಲ್ಲಿ ಇನ್ನೊಂದು, ಇಪ್ಪತ್ತಾರು ಇಪ್ಪತ್ತೆಂಟರಲ್ಲಿ ಮತ್ತೊಂದು. ಪಾಠಕ್ಕಿಂತ ಜಾಸ್ತಿ ಲಾಭ ಏನು ಗೊತ್ತಾ? ಜೊತೆಯವರು. ತನ್ನ ಬ್ಯಾಚಿನವರು ಇಪ್ಪತ್ತು ರಾಜ್ಯಗಳಲ್ಲಿ ಏನು ಮಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಕಷ್ಟ ಬಂದಾಗ ಫೋನ್ ಮಾಡೋಕೆ ನೂರು ನಂಬರ್ ಇರುತ್ತವೆ. ಪಿಡಿಒಗೆ, ತಹಶೀಲ್ದಾರ್ ಕಚೇರಿಯ ಶಿರಸ್ತೇದಾರರಿಗೆ, ಹಾಸ್ಟೆಲ್ ವಾರ್ಡನ್‌ಗೆ, ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒಗೆ ಇದು ಎಲ್ಲಿದೆ? ಜನ ದಿನಾ ನೋಡುವ ಸರ್ಕಾರ ಅಂದರೆ ಇವರೇ ಅಲ್ವಾ?

ತರಬೇತಿ ಹಾಲ್‌ನ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು. ಬೆಳಿಗ್ಗೆ ನೋಂದಣಿ, ಒಂದು ಬ್ಯಾಗು, ಪ್ಯಾಡು, ಪೆನ್ನು. ಹಾಜರಿ ಪುಸ್ತಕದಲ್ಲಿ ಬೆಳಿಗ್ಗೆ ಒಂದು ಸಹಿ, ಮಧ್ಯಾಹ್ನ ಒಂದು. ಆಮೇಲೆ ಪರಸ್ಪರ ಪರಿಚಯಕ್ಕೆ ಒಂದು ಆಟ. ನಿವೃತ್ತಿಗೆ ಎರಡು ವರ್ಷ ಇರುವ ಮ್ಯಾನೇಜರ್ ಒಬ್ಬರು ಚಪ್ಪಾಳೆ ತಟ್ಟುತ್ತಾ ತನ್ನ ಇಷ್ಟದ ಪ್ರಾಣಿಯ ಹೆಸರು ಹೇಳಬೇಕು. ನಾಯಕತ್ವದ ಅವಧಿ ಬಂದರೆ ಮನುಷ್ಯನ ಅಗತ್ಯಗಳನ್ನು ಮೆಟ್ಟಿಲು ಮಾಡಿ ತೋರಿಸುವ ಮ್ಯಾಸ್ಲೋನ ಪಿರಮಿಡ್ ತಪ್ಪುವುದಿಲ್ಲ. ಬಾಸ್ ಹಿಂದೆ ನಿಂತು ತಳ್ಳುತ್ತಾನೆ, ಲೀಡರ್ ಮುಂದೆ ನಿಂತು ಎಳೆಯುತ್ತಾನೆ ಅನ್ನುವ ಚಿತ್ರವೂ ತಪ್ಪುವುದಿಲ್ಲ. ಊಟಕ್ಕೆ ಪಾಯಸ ಇದ್ದರೆ ಮಧ್ಯಾಹ್ನದ ಮೊದಲ ಅವಧಿ ಹೋಯಿತು ಅಂತಲೇ ಲೆಕ್ಕ. ಕೊನೆಗೆ ಗ್ರೂಪ್ ಫೋಟೊ, ಹಿಮ್ಮಾಹಿತಿ ಫಾರಂ. 'ತರಬೇತಿ ಉಪಯುಕ್ತವಾಗಿತ್ತು, ಅವಧಿ ಇನ್ನೂ ಹೆಚ್ಚಿಸಬೇಕು' ಅಂತ ಎಲ್ಲರೂ ಬರೆಯುತ್ತಾರೆ.

ಇನ್ನೂ ಒಂದು ಗುಟ್ಟಿದೆ. ತರಬೇತಿಗೆ ಯಾರನ್ನು ಕಳಿಸುತ್ತಾರೆ? ನಾಮಿನೇಷನ್ ಪಟ್ಟಿ ನೋಡಿದರೆ ಗೊತ್ತಾಗುತ್ತದೆ. ಯಾರು ಮೂರು ದಿನ ಇಲ್ಲದಿದ್ದರೂ ಕಚೇರಿ ನಡೆಯುತ್ತದೋ ಅವರು ಬಂದಿರುತ್ತಾರೆ. ಎರಡು ಪಂಚಾಯತಿಯ ಪ್ರಭಾರ ಹೊತ್ತು ಒದ್ದಾಡುತ್ತಿರುವ ಪಿಡಿಒ ಬರುವುದಿಲ್ಲ. ಬಂದರೂ ಹಾಲ್‌ನ ಹೊರಗೆ ಕಾರಿಡಾರ್‌ನಲ್ಲಿ ಫೋನ್ ಹಿಡಿದು ನಿಂತಿರುತ್ತಾರೆ. 'ಮೋಟಾರ್ ಸುಟ್ಟಿದೆ ಮೇಡಂ', 'ವಿಡಿಯೊ ಕಾನ್ಫರೆನ್ಸ್ ಇದೆ, ವರದಿ ಕಳಿಸಿ', 'ಸದಸ್ಯರು ಬಂದು ಕೂತಿದ್ದಾರೆ'. ಇಂಥವರೇ ಹಾಲ್‌ನಲ್ಲಿ ಕೂರಬೇಕಾದವರು, ಇವರಿಗೇ ಕೂರೋಕೆ ಆಗಲ್ಲ.

ಮೋಟಾರ್ ಸುಟ್ಟ ಮಾತು ಬಂತು. ಅಂಥದ್ದೇ ಒಂದು ಪ್ರಕರಣ ಹೇಳುತ್ತೇನೆ, ಊರು ಹೆಸರು ಬೇಡ. ಏಪ್ರಿಲ್ ತಿಂಗಳು. ಒಂದು ಊರಿನ ಬೋರ್‌ವೆಲ್ ಮೋಟಾರ್ ಸುಟ್ಟು ಎರಡು ದಿನ ಆಗಿತ್ತು. ರಾತ್ರಿ ಒಂಬತ್ತರ ಹೊತ್ತಿಗೆ ಒಬ್ಬ ಪಿಡಿಒ ಫೋನ್ ಮಾಡಿದಳು. ತರಬೇತಿಯಲ್ಲಿ ನನ್ನ ನಂಬರ್ ಬರೆದುಕೊಂಡವಳು. "ಸರ್, ಮಲಗಿದ್ರಾ? ಒಂದು ಡೌಟು." ಊರಿನ ಸದಸ್ಯರು ತಮ್ಮ ಪರಿಚಯದ ಅಂಗಡಿಯಿಂದಲೇ ಹೊಸ ಮೋಟಾರ್ ತರಿಸಿ ಇಳಿಸಿಬಿಡಿ ಅನ್ನುತ್ತಿದ್ದಾರೆ, ಬಿಲ್ ಆಮೇಲೆ ನೋಡೋಣ ಅಂತ. ಅಧ್ಯಕ್ಷರು 'ನೀವು ಹೇಳಿದ ಹಾಗೆ ಆಗಲಿ ಮೇಡಂ' ಅಂದು ಸುಮ್ಮನಾಗಿದ್ದಾರೆ. ಖಾಲಿ ಕೊಡ ಹಿಡಿದು ಹೆಂಗಸರು ಬೆಳಿಗ್ಗೆ ಪಂಚಾಯತಿ ಮುಂದೆ ಕೂರುತ್ತಾರಂತೆ. ಇಒ ಫೋನ್ ಎತ್ತುತ್ತಿಲ್ಲ.

ಈ ಹುಡುಗಿಗೆ ಖರೀದಿಯ ನಿಯಮ ಗೊತ್ತಿರಲಿಲ್ಲ ಅಂತ ಅಲ್ಲ. 1999ರ ಪಾರದರ್ಶಕತೆ ಕಾಯ್ದೆಯನ್ನು, ನಾವೆಲ್ಲ ಕೆಟಿಪಿಪಿ ಅನ್ನುವುದು, ಪರೀಕ್ಷೆಗೆ ಓದಿ ಬರೆದವಳು. ನನಗಿಂತ ಚೆನ್ನಾಗಿ ಕಲಂ ಹೇಳುತ್ತಿದ್ದಳು. ಗೊತ್ತಿಲ್ಲದ್ದು ಇಷ್ಟೇ: ಕಾಯ್ದೆ ಒಂದು ಕಡೆ, ಕೊಡ ಹಿಡಿದವರು ಒಂದು ಕಡೆ ಇರುವಾಗ ಈ ರಾತ್ರಿ ಏನು ಮಾಡಬೇಕು, ನಾಳೆ ಬೆಳಿಗ್ಗೆ ಏನು ಮಾಡಬೇಕು, ಫೈಲಲ್ಲಿ ಏನು ಬರೆದಿಡಬೇಕು. ನಾವಿಬ್ಬರೂ ಫೋನಲ್ಲೇ ಕೂತು ಮಾಡಿದ್ದು ಸರಳ. ಬೆಳಿಗ್ಗೆ ಆರಕ್ಕೆ ಪಕ್ಕದ ಪಂಚಾಯತಿಯ ಟ್ಯಾಂಕರ್ ಕೇಳುವುದು, ಅಲ್ಲಿಗೆ ಹೆಂಗಸರ ಸಿಟ್ಟು ಅರ್ಧ ಇಳಿಯುತ್ತದೆ. ಮೋಟಾರ್ ರಿಪೇರಿ ಆಗುತ್ತದೋ ಇಲ್ಲವೋ ಅಂತ ಜೂನಿಯರ್ ಎಂಜಿನಿಯರ್ ಹತ್ತಿರ ಬರೆಸಿಕೊಳ್ಳುವುದು. ಹೊಸದೇ ಬೇಕು ಅಂದರೆ ಮೂರು ಅಂಗಡಿಯಿಂದ ದರಪಟ್ಟಿ, ಸದಸ್ಯರು ಹೇಳಿದ ಅಂಗಡಿಯೂ ಅದರಲ್ಲಿ ಒಂದು ಇರಲಿ. ಟಿಪ್ಪಣಿ ಹಾಳೆಯಲ್ಲಿ ಅವತ್ತಿನ ತಾರೀಕು, ಸಮಯ, ಎಷ್ಟು ಮನೆಗೆ ನೀರಿಲ್ಲ, ಯಾಕೆ ತುರ್ತು ಅಂತ ಬರೆದು ಅಧ್ಯಕ್ಷರ ಸಹಿ ತೆಗೆದುಕೊಳ್ಳುವುದು. ಇಒಗೆ ಒಂದು ಮೆಸೇಜು. ಮುಂದಿನ ಸಾಮಾನ್ಯ ಸಭೆಯಲ್ಲಿ ಘಟನೋತ್ತರ ಅನುಮೋದನೆ.

ಆ ಸದಸ್ಯರಿಗೆ ಏನು ಹೇಳುವುದು ಅನ್ನುವುದು ಇದೆಲ್ಲಕ್ಕಿಂತ ಕಷ್ಟದ ಪ್ರಶ್ನೆಯಾಗಿತ್ತು. ಅದರ ಮೇಲೆ ಜಾಸ್ತಿ ಹೊತ್ತು ಹೋಯಿತು. 'ನಿಯಮದಲ್ಲಿ ಅವಕಾಶ ಇಲ್ಲ' ಅಂದರೆ ಅವರಿಗೆ ಅವಮಾನ. 'ಆಯಿತು ನೋಡೋಣ' ಅಂದರೆ ಬೆಳಿಗ್ಗೆಯೇ ಮೋಟಾರ್ ಬಂದು ಇಳಿದಿರುತ್ತದೆ. ಕೊನೆಗೆ ಅವಳೇ ಒಂದು ಮಾತು ಹುಡುಕಿದಳು: "ಅಣ್ಣಾ, ನಾಳೆ ಆಡಿಟ್‌ನಲ್ಲಿ ನಿಮ್ಮ ಊರಿನ ಹೆಸರಲ್ಲೇ ಪ್ಯಾರಾ ಆಗೋದು ಬೇಡ. ಇನ್ನೂ ಎರಡು ಕೊಟೇಶನ್ ನೀವೇ ನಿಂತು ತರಿಸಿ." ಪ್ಯಾರಾ ಅಂದರೆ ಲೆಕ್ಕ ಪರಿಶೋಧಕರು ಬರೆಯುವ ಆಕ್ಷೇಪ. ಸದಸ್ಯರು ತರಿಸಿದರು. ಅವರ ಅಂಗಡಿಗೆ ಆರ್ಡರ್ ಸಿಗಲಿಲ್ಲ, ಆದರೆ ಅವರೇ ಮುಂದೆ ನಿಂತು ಮೋಟಾರ್ ಇಳಿಸಿದರು. ಯಾವ ತರಬೇತಿಯ ಪಿಪಿಟಿಯಲ್ಲೂ ಈ ಮಾತು ಇರಲ್ಲ. ನಾನು ಹೇಳಿಕೊಟ್ಟದ್ದೂ ಅಲ್ಲ. ಆ ಹೊತ್ತಿನಲ್ಲಿ ಜೋರಾಗಿ ಯೋಚನೆ ಮಾಡೋಕೆ ಅವಳಿಗೆ ಒಂದು ಕಿವಿ ಬೇಕಿತ್ತು, ಅಷ್ಟೇ.

ಇಒ ಅವರನ್ನೇ ಕೇಳಬಹುದಲ್ಲ ಅಂತ ನೀವು ಅನ್ನಬಹುದು. ಒಳ್ಳೆಯ ಇಒಗಳು ತುಂಬಾ ಜನ ಇದ್ದಾರೆ. ನನ್ನ ತಕರಾರು ಅವರ ಒಳ್ಳೆಯತನದ ಬಗ್ಗೆ ಅಲ್ಲ. ವರ್ಷದ ಕೊನೆಗೆ ಈ ಪಿಡಿಒ ಹೇಗೆ ಕೆಲಸ ಮಾಡಿದಳು ಅಂತ ವರದಿ ಬರೆಯುವವರ ಮುಂದೆ 'ನನಗೆ ಇದು ಗೊತ್ತಿಲ್ಲ', 'ನನಗೆ ಭಯ ಆಗ್ತಿದೆ' ಅಂತ ಹೇಳೋಕೆ ಯಾರಿಗಾದರೂ ಬಾಯಿ ಬರುತ್ತದಾ? ಇಂದು ಕೇಳಿದ ಪ್ರಶ್ನೆ ನಾಳೆ ಕಾರಣ ಕೇಳಿ ನೋಟಿಸ್ ಆಗಿ ವಾಪಸ್ ಬರಲ್ಲ ಅಂತ ಏನು ಗ್ಯಾರಂಟಿ? ಹಾಗಾಗಿ ಮೇಲಧಿಕಾರಿ ಹತ್ತಿರ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ: 'ಮಾಡ್ತಾ ಇದೀವಿ ಸರ್, ಪ್ರಗತಿಯಲ್ಲಿದೆ.'

ಭಯಕ್ಕೆ ಕಾರಣವೂ ಇದೆ. ಪಂಚಾಯತಿಯಲ್ಲಿ ತಡ ಮಾಡಿದವರಿಗೆ ಬೈಗುಳ ಸಿಗುತ್ತದೆ. ನಿರ್ಧಾರ ತೆಗೆದುಕೊಂಡವರಿಗೆ ಆಡಿಟ್ ಪ್ಯಾರಾ ಸಿಗುತ್ತದೆ. ಬೈಗುಳ ಸಂಜೆಗೆ ಮರೆತುಹೋಗುತ್ತದೆ. ಪ್ಯಾರಾ ಹಾಗಲ್ಲ, ವರ್ಗಾವಣೆ ಆದರೂ ಹಿಂದೆಯೇ ಬರುತ್ತದೆ. ಸಂಬಳದಲ್ಲಿ ವಸೂಲಿ ಆಗಬಹುದು, ಬಡ್ತಿ ನಿಲ್ಲಬಹುದು, ಪಿಂಚಣಿ ತಡವಾಗಬಹುದು. ಹೀಗಿರುವಾಗ ಸಹಿ ಹಾಕದೇ ಇರುವುದೇ ಜಾಣತನ ಅಂತ ಮೂರು ವರ್ಷದಲ್ಲಿ ಯಾರಿಗಾದರೂ ಅರ್ಥ ಆಗುತ್ತದೆ. ಆಮೇಲೆ ನಾವು 'ಅಧಿಕಾರಿಗಳಲ್ಲಿ ನಾಯಕತ್ವದ ಗುಣ ಇಲ್ಲ' ಅಂತ ಕಾರ್ಯಾಗಾರ ಮಾಡುತ್ತೇವೆ.

ನಾಯಕತ್ವವನ್ನು ನಮ್ಮವರು ಕಲಿಯುವ ಜಾಗ ತರಬೇತಿ ಹಾಲ್ ಅಲ್ಲವೇ ಅಲ್ಲ. ಅದು ಪ್ರಗತಿ ಪರಿಶೀಲನಾ ಸಭೆ. ಮೇಲಿನವರು ಕೆಳಗಿನವರನ್ನು ಮುಖಾಮುಖಿ ನೋಡುವ ಜಾಗ ಅದೊಂದೇ. ಪರದೆ ಮೇಲೆ ಪಟ್ಟಿ ಬರುತ್ತದೆ. ಹಸಿರು, ಹಳದಿ, ಕೆಂಪು. ಕೆಂಪಲ್ಲಿ ಇರುವವರು ಎದ್ದು ನಿಲ್ಲಬೇಕು. ಎಲ್ಲರ ಎದುರು ಉಗಿಸಿಕೊಳ್ಳಬೇಕು. ಕಾರಣ ಹೇಳಿದರೆ 'ಸಬೂಬು ಬೇಡ' ಅನ್ನುತ್ತಾರೆ. ಮರುದಿನ ಅದೇ ಪಿಡಿಒ ತನ್ನ ಕಚೇರಿಯಲ್ಲಿ ಬಿಲ್ ಕಲೆಕ್ಟರ್‌ನನ್ನು, ವಾಟರ್‌ಮನ್‌ನನ್ನು ನಿಲ್ಲಿಸಿ ಅದೇ ಧಾಟಿಯಲ್ಲಿ ಬೈಯುತ್ತಾನೆ. 'ಸಬೂಬು ಬೇಡ' ಅನ್ನುವ ಅದೇ ಮಾತು, ಅದೇ ಕೈಸನ್ನೆ ಸಮೇತ. ಎರಡು ದಿನದ ಕೋರ್ಸ್‌ನಲ್ಲಿ ಹೇಳಿಕೊಟ್ಟ 'ಸಹಾನುಭೂತಿಯ ನಾಯಕತ್ವ' ಇದರ ಮುಂದೆ ಎಷ್ಟು ಹೊತ್ತು ನಿಂತೀತು? ಒಬ್ಬ ಸಿಇಒ ಇದ್ದರು. ಸಭೆಯಲ್ಲಿ ಕೆಂಪಲ್ಲಿ ಇದ್ದವರನ್ನು ಬಿಟ್ಟು, ಹಸಿರಲ್ಲಿ ಇದ್ದ ಒಬ್ಬರನ್ನು ಕರೆದು 'ನೀವು ಹೇಗೆ ಮಾಡಿದಿರಿ, ಇವರಿಗೆ ಹತ್ತು ನಿಮಿಷ ಹೇಳಿ' ಅನ್ನುತ್ತಿದ್ದರು. ಆ ಜಿಲ್ಲೆಯಿಂದ ಬಂದ ಪಿಡಿಒಗಳನ್ನು ತರಬೇತಿಯಲ್ಲಿ ನಾನು ಗುರುತಿಸಬಲ್ಲೆ. ಅವರು ಕೈ ಎತ್ತುತ್ತಾರೆ, ತಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಾರೆ.

ಬಡ್ತಿಯ ವಿಷಯದಲ್ಲೂ ಇದೇ ಗತಿ. ದ್ವಿತೀಯ ದರ್ಜೆ ಸಹಾಯಕರಾಗಿ ಸೇರಿದವರು ಪ್ರಥಮ ದರ್ಜೆಗೆ ಬಂದು, ಇಪ್ಪತ್ತು ವರ್ಷ ಆದ ಮೇಲೆ ಸೂಪರಿಂಟೆಂಡೆಂಟ್ ಆಗುತ್ತಾರೆ. ಅದಕ್ಕೆ ಇಲಾಖಾ ಪರೀಕ್ಷೆ ಪಾಸಾಗಬೇಕು. ಅಕೌಂಟ್ಸ್ ಹೈಯರ್, ಜನರಲ್ ಲಾ ಇತ್ಯಾದಿ. ನಿನ್ನೆವರೆಗೆ ಒಟ್ಟಿಗೆ ಟೀ ಕುಡಿದ ಪಕ್ಕದ ಮೇಜಿನವರಿಗೆ ಇವತ್ತಿನಿಂದ ಕೆಲಸ ಹಂಚಬೇಕು, ತಡ ಆದರೆ ಕೇಳಬೇಕು, ರಜೆ ಕೊಡಲ್ಲ ಅನ್ನಬೇಕು. ಇದಕ್ಕೆ ಯಾವ ಪೇಪರೂ ಇಲ್ಲ.

ಹಾಗಾದರೆ ನಮ್ಮ ಅಧಿಕಾರಿಗಳು ಹೇಗೆ ಬದುಕುತ್ತಿದ್ದಾರೆ? ವಾಟ್ಸ್ಯಾಪ್ ಗ್ರೂಪ್‌ನಿಂದ. ಪಿಡಿಒಗಳ ನಿಜವಾದ ತರಬೇತಿ ಸಂಸ್ಥೆ ಅದೇ. 'ಫ್ರೆಂಡ್ಸ್, ನಮೂನೆ 11 ಬಿ ಕೊಡೋಕೆ ಈ ದಾಖಲೆ ಸಾಕಾ?' ಅಂತ ಆಸ್ತಿ ದಾಖಲೆಯ ಬಗ್ಗೆ ಒಬ್ಬರು ಹಾಕಿದರೆ ಐದು ನಿಮಿಷದಲ್ಲಿ ಉತ್ತರ. ಉತ್ತರ ಕೊಡುವವರಿಗೆ ಒಂದು ಪೈಸೆ ಇಲ್ಲ, ರಾತ್ರಿ ಹನ್ನೊಂದಕ್ಕೂ ಕೊಡುತ್ತಾರೆ. ನನಗೆ ಅವರ ಮೇಲೆ ತುಂಬಾ ಗೌರವ. ಆದರೆ ಅಲ್ಲಿ ತೊಂದರೆಯೂ ಇದೆ. ನಾಲ್ಕು ವರ್ಷ ಹಿಂದಿನ, ರದ್ದಾದ ಸುತ್ತೋಲೆಯ ಫೋಟೊ ಇನ್ನೂ ಓಡಾಡುತ್ತಿರುತ್ತದೆ, ಅದನ್ನು ನಂಬಿ ಸಹಿ ಬೀಳುತ್ತದೆ. ಗ್ರೂಪ್‌ನಲ್ಲಿ ಇನ್ನೂರು ಜನ ಇರುವಾಗ 'ನಮ್ಮ ಅಧ್ಯಕ್ಷರು ಹೀಗೆ ಒತ್ತಡ ಹಾಕ್ತಿದಾರೆ' ಅಂತ ಬರೆಯೋಕೆ ಆಗಲ್ಲ. ಸ್ಕ್ರೀನ್‌ಶಾಟ್ ಅರ್ಧ ಗಂಟೆಯಲ್ಲಿ ಅಧ್ಯಕ್ಷರ ಫೋನಿಗೇ ತಲುಪಿರುತ್ತದೆ. ನಿಯಮದ ಡೌಟು ಗ್ರೂಪ್‌ನಲ್ಲಿ ಬಗೆಹರಿಯುತ್ತದೆ. ಮನುಷ್ಯರ ವಿಷಯ ಬಗೆಹರಿಯಲ್ಲ.

ಪಕ್ಕದ ಕೇರಳದಲ್ಲಿ ಒಂದು ಕೆಲಸ ನಡೆದಿತ್ತು, ನಮ್ಮಲ್ಲಿ ಅದರ ಚರ್ಚೆ ಕಡಿಮೆ. 1996ರಲ್ಲಿ ಅವರು ಜನಯೋಜನೆ ಶುರು ಮಾಡಿದಾಗ ರಾಜ್ಯದ ಯೋಜನಾ ಹಣದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟರು. ಹಣ ಬಂತು, ಯೋಜನೆ ಬರೆಯುವವರು ಇರಲಿಲ್ಲ. ಆಗ ನಿವೃತ್ತ ಎಂಜಿನಿಯರ್‌ಗಳು, ಡಾಕ್ಟರ್‌ಗಳು, ಕೃಷಿ ಅಧಿಕಾರಿಗಳು, ಬ್ಯಾಂಕಿನವರನ್ನು ಸೇರಿಸಿ ಒಂದು ಸ್ವಯಂಸೇವಕ ತಾಂತ್ರಿಕ ಪಡೆ ಕಟ್ಟಿದರು. ಅವರು ಪಂಚಾಯತಿಯ ಯೋಜನೆಗಳನ್ನು ನೋಡಿ, ಎಲ್ಲಿ ಲೆಕ್ಕ ತಪ್ಪಿದೆ, ಎಲ್ಲಿ ಸರಿ ಮಾಡಬೇಕು ಅಂತ ಹೇಳಬೇಕು. ಆದ್ಯತೆ ಬದಲಿಸುವ ಅಧಿಕಾರ ಮಾತ್ರ ಅವರಿಗೆ ಇಲ್ಲ. ಯಾವ ರಸ್ತೆ ಮೊದಲು ಅನ್ನುವುದು ಪಂಚಾಯತಿಯದ್ದೇ ನಿರ್ಧಾರ. ತ್ರಿಶ್ಶೂರಿನ ಹತ್ತಿರ ಇರುವ ಅವರ ತರಬೇತಿ ಸಂಸ್ಥೆ ಕಿಲಾ ಕೂಡ ಆ ಕಾಲದಲ್ಲೇ ದೊಡ್ಡದಾಯಿತು. ನನಗೆ ಅಲ್ಲಿ ಹಿಡಿಸಿದ್ದು ಅಧಿಕಾರ ಇಲ್ಲದ ಸಹಾಯ. ಬೈಯೋಕೂ ಆಗಲ್ಲ, ವರ್ಗ ಮಾಡೋಕೂ ಆಗಲ್ಲ, ಬರೀ ಜೊತೆಗೆ ಕೂತು ಫೈಲ್ ಓದಬಹುದು.

ನಮ್ಮಲ್ಲೂ ಅಂಥವರು ಬೇಕಾದಷ್ಟು ಇದ್ದಾರೆ. ಕಾರ್ಯದರ್ಶಿಯಾಗಿ ಸೇರಿ ಪಿಡಿಒ ಆಗಿ ನಿವೃತ್ತರಾದವರು, ಸಹಾಯಕ ನಿರ್ದೇಶಕರು, ಇಒಗಳು, ಲೆಕ್ಕ ಪರಿಶೋಧನೆಯಲ್ಲಿ ಇದ್ದವರು. ಬೆಳಿಗ್ಗೆ ವಾಕಿಂಗ್ ಮುಗಿಸಿ ಪೇಪರ್ ಓದಿದ ಮೇಲೆ ಏನು ಮಾಡುವುದು ಅಂತ ಗೊತ್ತಾಗದವರು. ತಾಲ್ಲೂಕಿಗೆ ನಾಲ್ಕೈದು ಜನ ಸಾಕು. ಹೊಸ ಪಿಡಿಒ ಸೇರಿದ ದಿನವೇ ಅವರಿಗೆ ಒಬ್ಬರನ್ನು ಗೊತ್ತು ಮಾಡಿಕೊಡಬೇಕು. ಒಂದು ವರ್ಷ. ಅವರಿಗೆ ವರದಿ ಬರೆಯುವ ಅಧಿಕಾರ ಇರಬಾರದು, ಇಒಗೆ ಸುದ್ದಿ ಮುಟ್ಟಿಸುವ ಕರ್ತವ್ಯವೂ ಇರಬಾರದು. ಪೆಟ್ರೋಲ್ ಖರ್ಚು, ಫೋನ್ ಖರ್ಚು ಕೊಟ್ಟರೆ ಸಾಕು.

ಇದನ್ನು ಹೇಳಿದಾಗ ಬರುವ ಆಕ್ಷೇಪಗಳು ಗೊತ್ತಿವೆ. ಒಂದು ನಿಜವಾದದ್ದು: ಹಳಬರು ಹಳೇ ಚಾಳಿಯನ್ನೂ ಕಲಿಸುತ್ತಾರೆ. 'ನಮ್ಮ ಕಾಲದಲ್ಲಿ ಹೀಗೆ ಅಡ್ಜಸ್ಟ್ ಮಾಡ್ತಿದ್ವಿ' ಅನ್ನುವವರು ಸಿಕ್ಕರೆ ಹುಡುಗರು ಕೆಟ್ಟರು ಅಂತಲೇ. ಹಾಗಾಗಿ ಆರಿಸುವವರು ಯಾರು ಅನ್ನುವುದು ಮುಖ್ಯ. ನನ್ನ ಅಭಿಪ್ರಾಯದಲ್ಲಿ ಪಿಡಿಒಗಳೇ ಗುಟ್ಟಾಗಿ ಹೆಸರು ಬರೆದು ಕೊಡಲಿ. ಯಾವ ಇಒ ಹತ್ತಿರ ಕಲಿತೆವು, ಯಾರಿಂದ ದೂರ ಓಡಿದೆವು ಅಂತ ಅವರಿಗೆ ಚೆನ್ನಾಗಿ ಗೊತ್ತು. ಇನ್ನೊಂದು ಆಕ್ಷೇಪ: ಸಲಹೆ ತಪ್ಪಾದರೆ ಹೊಣೆ ಯಾರದು? ಸಹಿ ಹಾಕಿದವರದ್ದೇ, ಅದು ಬದಲಾಗಲ್ಲ. ಅದಕ್ಕೇ ಸಲಹೆ ಕೊಡುವವರು 'ಹೀಗೆ ಮಾಡು' ಅನ್ನುವುದಕ್ಕಿಂತ 'ಹೀಗೆ ಮಾಡಿದರೆ ಏನಾಗುತ್ತದೆ ಹೇಳು ನೋಡೋಣ' ಅಂತ ಕೇಳಬೇಕು. ಇದು ಸುಲಭ ಅಲ್ಲ. ಮೂವತ್ತು ವರ್ಷ ಆದೇಶ ಕೊಟ್ಟ ನಾಲಿಗೆಗೆ ಪ್ರಶ್ನೆ ಕೇಳೋಕೆ ಬರಲ್ಲ. ಅಂದರೆ ತರಬೇತಿ ಮೊದಲು ನಮಗೇ ಬೇಕು, ಮುದುಕರಿಗೆ.

ನಮ್ಮ ತಾಲ್ಲೂಕಿನಲ್ಲಿ ಯಾವ ಆದೇಶವೂ ಇಲ್ಲದೆ ಸಣ್ಣದಾಗಿ ಒಂದು ಶುರು ಮಾಡಿದ್ದೇವೆ. ಎರಡನೇ ಶನಿವಾರ ರಜೆ ಇರುತ್ತದಲ್ಲ, ಅವತ್ತು ಒಂದು ಪಂಚಾಯತಿಯ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯತಿ ಲೈಬ್ರರಿಯಲ್ಲಿ, ಸೇರುತ್ತೇವೆ. ಬರುವವರು ಬರುತ್ತಾರೆ. ಭಾಷಣ ಇಲ್ಲ, ಹಾರ ಇಲ್ಲ, ಫೋಟೊ ಇಲ್ಲ. ಒಬ್ಬೊಬ್ಬರು ತಮ್ಮ ಒಂದು ಸಮಸ್ಯೆ ತರಬೇಕು, ಉಳಿದವರು ಪ್ರಶ್ನೆ ಮಾತ್ರ ಕೇಳಬೇಕು. ಕೊನೆಗೆ ಅವರೇ ಏನು ಮಾಡುತ್ತೇನೆ ಅಂತ ಹೇಳಬೇಕು. ಮುಂದಿನ ತಿಂಗಳು ಬಂದು ಏನಾಯಿತು ಅಂತಲೂ ಹೇಳಬೇಕು. ಒಳಗೆ ಆಡಿದ ಮಾತು ಹೊರಗೆ ಹೋಗಬಾರದು. ಮೊಬೈಲ್‌ಗಳು ಲೈಬ್ರರಿ ಮೇಲ್ವಿಚಾರಕರ ಡ್ರಾಯರ್‌ನಲ್ಲಿ. ಈ ನಿಯಮಕ್ಕೆ ಮೊದಲು ಎಲ್ಲರೂ ಗೊಣಗಿದರು, ಈಗ ಅದೇ ಇಷ್ಟ ಅನ್ನುತ್ತಾರೆ. ಎರಡು ಗಂಟೆ ಯಾರೂ 'ವರದಿ ಕಳಿಸಿ' ಅನ್ನಲ್ಲ.

ಹೆಚ್ಚು ಸಲ ಬಂದ ಸಮಸ್ಯೆ ಯಾವುದು ಊಹಿಸಿ. ಅಧ್ಯಕ್ಷರ ಗಂಡ! ನಮ್ಮಲ್ಲಿ ಪಂಚಾಯತಿಯ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ. ಅದು ಹೆಮ್ಮೆಯ ವಿಷಯ. ಆದರೆ ಕೆಲವು ಕಡೆ ಅಧ್ಯಕ್ಷರ ಕುರ್ಚಿಯಲ್ಲಿ ಬಂದು ಕೂರುವುದು ಅವರ ಯಜಮಾನರು. ಎದ್ದೇಳಿ ಅಂದರೆ ಜಗಳ, ಸುಮ್ಮನಿದ್ದರೆ ಅಧ್ಯಕ್ಷರು ಐದು ನಿಮಿಷಕ್ಕೆ ಬಂದು ಸಹಿ ಹಾಕಿ ಹೋಗುವ ಹಾಗಾಗುತ್ತದೆ. ಇದಕ್ಕೆ ಸುತ್ತೋಲೆ ಇದೆ, ಗಂಡ ಹಸ್ತಕ್ಷೇಪ ಮಾಡುವ ಹಾಗಿಲ್ಲ ಅಂತ. ಸುತ್ತೋಲೆ ಓದಿ ಹೇಳಿದ ಒಬ್ಬ ಹುಡುಗನ ಪಂಚಾಯತಿಯಲ್ಲಿ ಮೂರು ತಿಂಗಳು ಅಧ್ಯಕ್ಷರ ಡಿಜಿಟಲ್ ಸಹಿಯೇ ಬೀಳಲಿಲ್ಲ. ಕೂಲಿಯವರ ಹಣ ನಿಂತಿತು.

ಇನ್ನೊಬ್ಬ ಪಿಡಿಒ, ವಯಸ್ಸಾದ ಹೆಂಗಸು, ಗ್ರೇಡ್ 1 ಕಾರ್ಯದರ್ಶಿಯಿಂದ ಬಡ್ತಿ ಪಡೆದವರು, ತಾನು ಮಾಡಿದ್ದನ್ನು ಹೇಳಿದರು. ಅವರು ಗಂಡನಿಗೆ ಏನೂ ಹೇಳಲಿಲ್ಲ. ವಾರಕ್ಕೆ ಎರಡು ದಿನ ಬೆಳಿಗ್ಗೆ ಅಧ್ಯಕ್ಷರ ಮನೆಗೆ ಹೋಗಿ, ಅಡುಗೆಮನೆಯಲ್ಲೇ ಕೂತು ಆ ವಾರದ ಫೈಲುಗಳನ್ನು ಓದಿ ಹೇಳಿದರು. ಯಾವ ಬಿಲ್ಲು, ಯಾರಿಗೆ, ಎಷ್ಟು. "ಅವ್ವಾ, ನಿನ್ನ ಕೈಯಿಂದಲೇ ದುಡ್ಡು ಹೋಗೋದು, ನಿನಗೆ ಗೊತ್ತಿರಬೇಕು." ಎರಡು ತಿಂಗಳು ಆದ ಮೇಲೆ ಸಾಮಾನ್ಯ ಸಭೆಯಲ್ಲಿ ಒಂದು ಚರಂಡಿ ಬಿಲ್ಲಿನ ಬಗ್ಗೆ ಅಧ್ಯಕ್ಷೆಯೇ ಎದ್ದು ಪ್ರಶ್ನೆ ಕೇಳಿದರಂತೆ. ಗುತ್ತಿಗೆದಾರ ತಬ್ಬಿಬ್ಬು. ಆಮೇಲೆ ಕುರ್ಚಿಯ ಪ್ರಶ್ನೆಯೇ ಬರಲಿಲ್ಲ. ಯಜಮಾನರು ಹೊರಗೆ ಬೆಂಚಿನ ಮೇಲೆ ಕೂತು ಕಾಯುತ್ತಾರೆ, ಗಾಡಿಯಲ್ಲಿ ವಾಪಸ್ ಕರೆದುಕೊಂಡು ಹೋಗೋಕೆ.

ಡಿಜಿಟಲ್ ಸಹಿ ನಿಂತುಹೋಗಿದ್ದ ಹುಡುಗ ಅವತ್ತು ಎದುರಿಗೇ ಕೂತಿದ್ದ. "ಮೇಡಂ, ನಾನು ಗಂಡಸು, ಅವರ ಅಡುಗೆಮನೆಗೆ ಹೋಗೋಕಾಗಲ್ಲ" ಅಂದ. ಸರಿಯಾದ ಮಾತು. ಹಾಗಾದರೆ ನಿನ್ನ ಪಂಚಾಯತಿಯಲ್ಲಿ ಯಾರು ಹೋಗಬಹುದು ಅಂತ ಅವರು ಕೇಳಿದರು. ಸ್ವಚ್ಛ ವಾಹಿನಿ ಅನ್ನುವ ಕಸದ ಗಾಡಿ ಓಡಿಸುವ ಸ್ವಸಹಾಯ ಸಂಘದ ಹೆಂಗಸಿನ ಹೆಸರು ಹೇಳಿದ, ಅವಳು ಅಧ್ಯಕ್ಷೆಗೆ ಹತ್ತಿರದವಳಂತೆ. ಆದರೆ ಫೈಲಿನ ವಿಷಯ ಅವಳ ಕೈಲಿ ಹೇಳಿಸಬಹುದಾ, ಹೇಳಿಸಬಾರದಾ? ಅಲ್ಲಿಗೆ ಎಲ್ಲರೂ ಒಂದೇ ಸಲ ಮಾತಾಡೋಕೆ ಶುರು ಮಾಡಿದರು. ಇನ್ನೂ ಒಮ್ಮತ ಆಗಿಲ್ಲ. ಮುಂದಿನ ತಿಂಗಳು ಅದನ್ನೇ ಮೊದಲು ತೆಗೆದುಕೊಳ್ಳುತ್ತೇವೆ. ಓದುತ್ತಿರುವವರಲ್ಲಿ ನಿವೃತ್ತ ಪಿಡಿಒ, ಇಒ ಯಾರಾದರೂ ಇದ್ದರೆ ನಿಮ್ಮ ತಾಲ್ಲೂಕಿನಲ್ಲೂ ಒಂದು ಶನಿವಾರ ಕೂತು ನೋಡಿ. ಟೀ ಖರ್ಚು ಒಬ್ಬೊಬ್ಬರು ಒಂದೊಂದು ತಿಂಗಳು ಹಾಕಿಕೊಂಡರೆ ಆಯಿತು.